ಆಗ್ನೆಸ್ ಕೊಳ್ಳದ ಬುಟ್ಟಿ

“ಸಾಬೊ, ನಿಂಗೆ ಕರ್ಲಿಂಗ್ ಆಟ ಅಷ್ಟಕ್ಕಷ್ಟೇ ಗೊತ್ತು. ಷೇರುಪೇಟೆ ಅಷ್ಟೂ ಗೊತ್ತಿಲ್ಲ,” ಅಂದ ಲಾರ್ನ್ ಪೆಟ್ರಿ, ನನ್ನ ತಟ್ಟೆಯ ಆಲೂಗಡ್ಡೆ ಫ್ರೈಗೇ ಕೈ ಹಾಕುತ್ತ.

ಬೇರೆ ದಿನವಾಗಿದ್ದರೆ ಆ ಕೈಗೆ ಒಂದು ಬಿಡುತ್ತಿದ್ದೆ. ಇವತ್ತು ಅದಕ್ಕೂ ಚೈತನ್ಯ ಇರಲಿಲ್ಲ. ಬೆಳಿಗ್ಗೆಯಿಂದ ಹೋದ ಬಾಗಿಲಲ್ಲೆಲ್ಲ ಮಂಗಳಾರತಿ ಮಾಡಿಸಿಕೊಂಡು, ಹ್ಯಾಮಿಲ್ಟನ್ನಿನ ಮಾರ್ಚ್ ತಿಂಗಳ ಕೊಚ್ಚೆ ಹಿಮದಲ್ಲಿ ಬೂಟು ನೆನೆಸಿಕೊಂಡು, ಕೊನೆಗೆ ಕರ್ಲಿಂಗ್ ಕ್ಲಬ್ಬಿನ ಬಾರಿನಲ್ಲಿ ಬಂದು ಕುಸಿದಿದ್ದೆ. ಗಾಜಿನ ಆಚೆ ಮಂಜುಗಡ್ಡೆಯ ಮೇಲೆ ಹೆಂಗಸರು ಕಲ್ಲು ಜಾರಿಸಿ, ಅದರ ಮುಂದೆ ಪೊರಕೆ ಹಿಡಿದು ಗುಡಿಸುತ್ತ ಓಡುತ್ತಿದ್ದರು. ಈ ತಿಂಗಳ ಮೊದಲವರೆಗೆ ಆಗ್ನೆಸ್ ಡ್ರಮಂಡ್ ಕೂಡ ಅವರ ನಡುವೆ ಇದ್ದರು.

ಈಗ ಅವರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಊರ ಮಧ್ಯದ ಬೆಟ್ಟ ಹತ್ತುವ ಮೆಟ್ಟಿಲ ಬುಡದಲ್ಲಿ ತಲೆಯೊಡೆದುಕೊಂಡು ಬಿದ್ದಿದ್ದರು. ಯಾರೋ ಮೇಲಿಂದ ತಳ್ಳಿದ್ದಾರೆ ಅನ್ನೋದು ಪೊಲೀಸರ ಅನುಮಾನ, ತಳ್ಳಿದವಳು ಟೆಸ್ಸಿ ಅನ್ನೋದು ಅವರ ತೀರ್ಮಾನ.

ಟೆಸ್ಸಿ ಅಂದರೆ ತೆರೆಸಿತಾ ಮಗ್ಲಾಯಾ. ಫಿಲಿಪ್ಪೀನ್ಸಿನವಳು, ಆಗ್ನೆಸ್ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವವಳು. ಆಗ್ನೆಸ್‌ರನ್ನು ಅವಳು ಕರೆಯೋದೇ ‘ಲೋಲಾ’ ಅಂತ, ಅವರ ಕಡೆ ಅಜ್ಜಿಗೆ ಹಾಗನ್ನುತ್ತಾರೆ. ಈ ದೇಶದಲ್ಲಿ ಕಾಯಮ್ಮಾಗಿ ಇರುವ ಅನುಮತಿ ಇನ್ನೇನು ಅವಳ ಕೈಗೆ ಬರಬೇಕು, ಬಂದ ಮೇಲೆ ಊರಲ್ಲಿರುವ ಮಗಳನ್ನು ಕರೆಸಿಕೊಳ್ಳಬೇಕು. ಸೋಮವಾರ ಅವಳ ಮೇಲೆ ಕೇಸು ಹಾಕುತ್ತೇನೆ ಅಂತ ಸಾರ್ಜೆಂಟ್ ಪಚೆಕೊ ಹೇಳಿಬಿಟ್ಟಿದ್ದ. ಕೇಸು ಬಿತ್ತೋ, ಅನುಮತಿಯೂ ಹೋಯಿತು, ಮಗಳೂ ಬರಲ್ಲ. ಇವತ್ತು ಶುಕ್ರವಾರ.

ನನ್ನ ಹತ್ತಿರ ಏನಿತ್ತು? ಸೊನ್ನೆ. ಪೊಲೀಸ್ ಇಲಾಖೆಯ ವಂಚನೆ ವಿಭಾಗದಲ್ಲಿ ಅರ್ಧ ಆಯುಷ್ಯ ಸವೆಸಿ, ಜಗಳವಾಡಿಕೊಂಡು ಹೊರಬಿದ್ದು ಖಾಸಗಿ ಪತ್ತೇದಾರಿ ಅಂತ ಬೋರ್ಡು ಹಾಕಿಕೊಂಡವಳು ನಾನು, ಇಲೋನಾ ಸಾಬೊ. ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಪೊಲೀಸರ ವಾದ ಸರಳವಾಗಿತ್ತು, ಅದೇ ನನಗೆ ಉರಿ. ಆಗ್ನೆಸ್ ತಮ್ಮ ಉಳಿತಾಯವನ್ನೆಲ್ಲ ಹಳೆಯ ಖಾತೆಯಿಂದ ತೆಗೆದು ಪೇಟೆಯ ಒಬ್ಬ ಹೂಡಿಕೆ ಸಲಹೆಗಾರನ ಹತ್ತಿರ ಹೊಸ ಖಾತೆಗೆ ಹಾಕಿದ್ದರು. ಅದು ಜಂಟಿ ಖಾತೆ, ಎರಡನೇ ಹೆಸರು ಟೆಸ್ಸಿಯದು. ಆಗ್ನೆಸ್ ಸತ್ತರೆ ಎಲ್ಲ ಟೆಸ್ಸಿಗೆ. ಖಾತೆ ತೆರೆದು ಚಳಿಗಾಲ ಮುಗಿಯುವುದರೊಳಗೆ ಆಗ್ನೆಸ್ ಮೆಟ್ಟಿಲಿಂದ ಬಿದ್ದರು. ಇನ್ನೇನು ಬೇಕು ಅವರಿಗೆ?

ಆಗ್ನೆಸ್ ಅಣ್ಣನ ಮಗ ಕೀತ್ ಅಂತ ಒಬ್ಬನಿದ್ದಾನೆ. ಉಯಿಲಿನ ಪ್ರಕಾರ ಎಲ್ಲ ಅವನಿಗೇ ಸೇರಬೇಕಿತ್ತು. ತಳ್ಳಿದವನು ಅವನೇ ಆಗಿರಲಿ ಅಂತ ನನಗೆ ತುಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಪಾಪಿ ಅವತ್ತು ದೂರದ ಆಲ್ಬರ್ಟಾದ ಎಣ್ಣೆ ಬಾವಿಯಲ್ಲಿ ಕೆಲಸದ ಮೇಲಿದ್ದ, ಕಂಡವರು ಒಂದು ಬಸ್ಸು ತುಂಬ ಇದ್ದಾರೆ.

ಇನ್ನು ಟೆಸ್ಸಿ. ಜಂಟಿ ಖಾತೆಯ ಕಾಗದದ ಮೇಲಿನ ಸಹಿ ನಿನ್ನದೇನೇ ಅಂದರೆ ಹೌದು ಅಕ್ಕ ಅನ್ನುತ್ತಾಳೆ. ಆ ಕಾಗದ ನಿನ್ನ ಮುಂದೆ ಇಟ್ಟವರು ಯಾರೇ ಅಂದರೆ ತಲೆ ತಗ್ಗಿಸುತ್ತಾಳೆ. ಲೋಲಾ ಇಟ್ಟರಾ? ಉತ್ತರ ಇಲ್ಲ. ಬೇರೆಯವರಾ? ಮಾತು ಕೊಟ್ಟಿದ್ದೀನಿ ಅಕ್ಕ, ಹೇಳೋ ಹಾಗಿಲ್ಲ. ಬೈದು ನೋಡಿದೆ, ಬೇಡಿ ನೋಡಿದೆ, ನಿನ್ನ ಮಗಳ ಮುಖ ನೆನಸಿಕೊಳ್ಳೇ ಅಂದೆ. ಅತ್ತಳೇ ಹೊರತು ಬಾಯಿ ಬಿಡಲಿಲ್ಲ. ಮುಳುಗುತ್ತಿರುವವಳನ್ನು ಮೇಲೆತ್ತೋಣ ಅಂದರೆ ಅವಳೇ ಕೈ ಕೊಡುತ್ತಿಲ್ಲ.

ಇಷ್ಟರ ನಡುವೆ ನನಗಿದ್ದ ಒಂದೇ ಸಮಾಧಾನ ಐಸೊಬೆಲ್ ಮೆಕ್‌ನ್ಯಾಬ್. ಐವತ್ತು ವರ್ಷಗಳಿಂದ ಆಗ್ನೆಸ್ ಗೆಳತಿ, ಕ್ಲಬ್ಬಿನಲ್ಲಿ ಒಂದೇ ತಂಡ. ಟೆಸ್ಸಿ ಇರುವೆಯನ್ನೂ ತುಳಿಯುವವಳಲ್ಲ, ಅವಳನ್ನು ಉಳಿಸಿಕೊಡು ಅಂತ ನನ್ನ ಆಫೀಸಿಗೆ ಬಂದು ಕಣ್ಣೀರು ಹಾಕಿ ಈ ಕೇಸು ಒಪ್ಪಿಸಿದ್ದೇ ಅವರು. ಟೆಸ್ಸಿಯನ್ನು ರೋಗಿಯ ಕೋಣೆಗೆ ಬಿಡಬಾರದು ಅಂತ ಪೊಲೀಸರ ಅಪ್ಪಣೆಯಾದಾಗ, ಐಸೊಬೆಲ್ ಆದರೂ ಪಕ್ಕದಲ್ಲಿ ಕೂರಲಿ ಅಂತ ಆಸ್ಪತ್ರೆಯವರ ಜೊತೆ ಗುದ್ದಾಡಿ ಒಪ್ಪಿಸಿದವಳು ನಾನು. ಟೆಸ್ಸಿ ಮಾತ್ರ ದಿನಾ ಬಂದು ಕೆಳಗಿನ ಬೆಂಚಿನ ಮೇಲೆ ಕೂತಿರುತ್ತಾಳೆ, ತೊಡೆಯ ಮೇಲೆ ಅನ್ನದ ಡಬ್ಬಿ ಇಟ್ಟುಕೊಂಡು.

ಈಗ ಈ ಲಾರ್ನ್. ನಿವೃತ್ತ ಹಲ್ಲಿನ ಡಾಕ್ಟರು. ಬಾಯಿ ತೆರೆಸೋದು ಹಳೇ ಕಸುಬು, ಮುಚ್ಚೋದು ಅಭ್ಯಾಸ ಇಲ್ಲ. ಕ್ಲಬ್ಬಿನಲ್ಲಿ ಆಟ ಮುಗಿದ ಮೇಲೆ ಒಂದು ಮೇಜು ಸೇರಿ ದುಡ್ಡಿನ ಮಾತಾಡುವ ಗುಂಪಿಗೆ ಇವನೇ ಯಜಮಾನ. ಆಗ್ನೆಸ್ ಬಗ್ಗೆ ಗೊತ್ತಿರೋದನ್ನೆಲ್ಲ ಹೇಳು ಅಂದಿದ್ದಕ್ಕೆ, ಅವರು ಯಾವ ವರ್ಷ ಯಾವ ಟ್ರೋಫಿ ಗೆದ್ದರು ಅನ್ನೋದರಿಂದ ಶುರು ಹಚ್ಚಿಕೊಂಡಿದ್ದ. ನನ್ನ ಕಾಫಿ ಆರಿ ತಣ್ಣಗಾಗಿತ್ತು.

“ಟ್ರೋಫಿ ಬಿಡೋ ಮಾರಾಯ. ದುಡ್ಡಿನ ವಿಷಯ ಹೇಳು.”

ಹೇಳಿದ. ಈ ಊರಲ್ಲಿ ಎಲ್ಲರ ದುಡ್ಡೂ ಬ್ಯಾಂಕಿನಲ್ಲೇ, ಅಂದರೆ ಬ್ಯಾಂಕಿನ ಷೇರಿನಲ್ಲಿ. ಅಜ್ಜಂದಿರ ಕಾಲದಿಂದ ಬಂದ ನಂಬಿಕೆ. ಉಕ್ಕಿನ ಕಾರ್ಖಾನೆ ಮುಚ್ಚಬಹುದು, ಬ್ಯಾಂಕು ಮುಚ್ಚಲ್ಲ. ಆಗ್ನೆಸ್ ಒಂದೊಂದು ಬ್ಯಾಂಕಿನ ಷೇರು ಬೇರೆಬೇರೆ ಕೊಳ್ಳುವ ತಲೆನೋವು ಬೇಡ ಅಂತ ಒಂದು ಇಟಿಎಫ್ ಇಟ್ಟುಕೊಂಡಿದ್ದರು.

“ಇಟಿಎಫ್ ಅಂದ್ರೆ ಬುಟ್ಟಿ, ತಿಳೀತಾ? ಹತ್ತಾರು ಕಂಪನಿ ಷೇರು ಒಳಗೆ ಹಾಕಿ ಬುಟ್ಟೀನೇ ಒಂದು ಷೇರಿನ ಥರ ಮಾರ್ತಾರೆ. ಆಗ್ನೆಸ್ ಬುಟ್ಟೀಲಿ ಇದ್ದಿದ್ದು ಆರೇ ಆರು. ನಮ್ಮ ಆರು ದೊಡ್ಡ ಬ್ಯಾಂಕು, ಎಲ್ಲಕ್ಕೂ ಸಮಪಾಲು.”

ಆ ಸಮಪಾಲಿನ ಮೇಲೆ ಆಗ್ನೆಸ್‌ಗೆ ಒಂದು ಜೋಕು ಇತ್ತಂತೆ. ಬುಟ್ಟಿ ನೋಡಿಕೊಳ್ಳುವವರು ಆಗಾಗ ಮೇಲೆ ಹೋದ ಬ್ಯಾಂಕಿನ ಷೇರು ಸ್ವಲ್ಪ ಮಾರಿ, ಕೆಳಗೆ ಬಿದ್ದ ಬ್ಯಾಂಕಿನದು ಕೊಂಡು, ಮತ್ತೆ ಸಮ ಮಾಡುತ್ತಾರೆ. ಕರ್ಲಿಂಗಿನಲ್ಲೂ ಅದೇ ಪದ್ಧತಿ, ಗೆದ್ದ ತಂಡ ಸೋತವರಿಗೆ ಮೊದಲ ಗ್ಲಾಸು ಕೊಡಿಸಬೇಕು. ನನ್ನ ಬುಟ್ಟಿ ಮರ್ಯಾದಸ್ಥರ ಬುಟ್ಟಿ ಕಣ್ರೋ, ಗೆದ್ದವನು ಸೋತವನಿಗೆ ಕುಡಿಸುತ್ತಾನೆ ಅನ್ನುತ್ತಿದ್ದರಂತೆ. ಲಾರ್ನ್ ಇದನ್ನು ಹೇಳಿ ತಾನೇ ನಕ್ಕ. ನನಗೆ ನಗು ಬರಲಿಲ್ಲ, ಗಡಿಯಾರ ನೋಡಿದೆ.

ನಾನು ಎದ್ದು ಕೋಟು ಹಾಕಿಕೊಳ್ಳುತ್ತಿದ್ದಾಗ ಅವನು ಇನ್ನೊಂದು ಮಾತು ಸೇರಿಸಿದ. ಅಗಲವಾದ ಬುಟ್ಟಿ ತಗೋ ಅಂತ ನಾವೆಲ್ಲ ಎಷ್ಟು ಹೇಳಿದರೂ ಆಗ್ನೆಸ್ ಕೇಳಲಿಲ್ಲ, ಫೈನಾನ್ಶಿಯಲ್ಸ್ ಅಂದರೆ ಸಾಕು, ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು ಅಂದ.

ಒಂದು ತೋಳು ಕೋಟಿನೊಳಗೆ, ಇನ್ನೊಂದು ಹೊರಗೆ. ಹಾಗೇ ನಿಂತೆ.

“ಯಾಕೆ?”

“ಫೈನಾನ್ಶಿಯಲ್ಸ್ ಬುಟ್ಟೀಲಿ ಬರೀ ಬ್ಯಾಂಕುಗಳೇ ಇರಲ್ಲ ಮಾರಾಯ್ತಿ. ಐದರಲ್ಲಿ ಒಂದು ಪಾಲು ಇನ್ಶೂರೆನ್ಸ್ ಕಂಪನಿಗಳು. ಆಗ್ನೆಸ್‌ಗೂ ಇನ್ಶೂರೆನ್ಸಿಗೂ ಆಗಲ್ಲ, ಗೊತ್ತಿಲ್ವಾ ನಿಂಗೆ?”

ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರೋದನ್ನು ಯಾರೂ ಹೇಳಲ್ಲ, ಅದೇ ನನ್ನ ಕಸುಬಿನ ದೊಡ್ಡ ಶಾಪ.

ಆಗ್ನೆಸ್ ಗಂಡ ಡಂಕನ್ ಉಕ್ಕಿನ ಕುಲುಮೆಯಲ್ಲಿ ದುಡಿದು ಶ್ವಾಸಕೋಶ ಹಾಳುಮಾಡಿಕೊಂಡು ಸತ್ತವರು. ಬ್ಲೂ ಹೆರನ್ ಲೈಫ್ ಅನ್ನೋ ಕಂಪನಿ ವಿಮೆಯ ದುಡ್ಡು ಕೊಡಲಿಲ್ಲ, ಕಾಯಿಲೆ ಮೊದಲೇ ಇತ್ತು ಅಂತ ತಕರಾರು ತೆಗೆಯಿತು. ಅವತ್ತಿಂದ ಆಗ್ನೆಸ್‌ದು ಶಪಥ, ಇನ್ಶೂರೆನ್ಸಿನವರಿಗೆ ಸೇರುವ ಹಾಗೆ ನನ್ನ ಒಂದು ಕಾಸೂ ಎಲ್ಲೂ ಇರಬಾರದು. ಒಂದು ಸಲ ಪಂದ್ಯದ ಬಹುಮಾನ ಕೊಡುತ್ತಿರೋದು ವಿಮಾ ಕಂಪನಿ ಅಂತ ನಡುವೆ ಗೊತ್ತಾಗಿ, ಗೆಲ್ಲುವ ಆಟವನ್ನೇ ಬಿಟ್ಟು ಪೊರಕೆ ಹೆಗಲಿಗೆ ಹಾಕಿಕೊಂಡು ಹೊರಟು ಹೋದರಂತೆ. ತಂಡದವರು ವಾರಗಟ್ಟಲೆ ಮಾತು ಬಿಟ್ಟಿದ್ದರು.

ನನಗೆ ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು. ಹೊಸ ಖಾತೆಯ ಬಗ್ಗೆ ಸಾರ್ಜೆಂಟ್ ನನಗೆ ಓದಿ ಹೇಳಿದ್ದ. ಯಾರ ಹೆಸರಿದೆ, ಯಾರ ಸಹಿ ಇದೆ, ಸತ್ತರೆ ಯಾರಿಗೆ ಅನ್ನೋದನ್ನೇ ಹಿಡಿದು ಇಷ್ಟು ದಿನ ಗಾಣದ ಎತ್ತಿನ ಹಾಗೆ ಸುತ್ತಿದ್ದೆ. ಆ ದುಡ್ಡಿನಲ್ಲಿ ಕೊಂಡಿದ್ದೇನು ಅಂತ ಒಂದೇ ಒಂದು ಸಲ ಯೋಚಿಸಿರಲಿಲ್ಲ. ಕೊಂಡಿದ್ದು ಫೈನಾನ್ಶಿಯಲ್ಸ್ ಇಟಿಎಫ್. ಪೂರ್ತಿ ದುಡ್ಡು, ಒಂದೇ ಬುಟ್ಟಿ.

ಕಾರಿನಲ್ಲಿ ಕೂತು ಸಾರ್ಜೆಂಟ್ ಪಚೆಕೊಗೆ ಫೋನ್ ಮಾಡಿದೆ. ಒಂದು ಕಾಲದಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತವನು. ಈಗ ನನ್ನ ದನಿ ಕೇಳಿದರೆ ನಿಟ್ಟುಸಿರು ಬಿಡುತ್ತಾನೆ. ಆಗ್ನೆಸ್ ಆ ಫಂಡನ್ನು ಸತ್ತರೂ ಕೊಳ್ಳುವವರಲ್ಲ, ಖಾತೆ ತೆರೆದವರು ಆಗ್ನೆಸ್ಸೇ ಅಲ್ಲ ಅಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ವಯಸ್ಸಾದವರು ಮನಸ್ಸು ಬದಲಾಯಿಸುತ್ತಾರೆ ಅಂದ. ಡ್ರೈವಿಂಗ್ ಲೈಸೆನ್ಸ್ ತೋರಿಸಿದ್ದಾರೆ ಅಂದ. ಸಲಹೆಗಾರ ಹೇಳಿಕೆಗೆ ಸಹಿ ಹಾಕಿದ್ದಾನೆ, ಫಂಡಿನಲ್ಲಿರುವ ಹೆಸರನ್ನೆಲ್ಲ ಒಂದೊಂದಾಗಿ ಓದಿ ಹೇಳಿದ್ದಾನೆ, ಆಕೆ ಎಲ್ಲಕ್ಕೂ ತಲೆಯಾಡಿಸಿದ್ದಾರೆ ಅಂದ.

“ಒಂದೊಂದಾಗಿ ಓದಿ ಹೇಳಿದ್ನಂತಾ?”

“ಹಾಗಂತ ಬರೆದುಕೊಟ್ಟಿದ್ದಾನೆ. ಸೋಮವಾರ ಸಿಗೋಣ, ಸಾಬೊ.”

ಫೋನ್ ಇಟ್ಟ. ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಗೊತ್ತಿಲ್ಲದೆ ನನ್ನ ಕೈಗೆ ಒಂದು ಕೋಲು ಕೊಟ್ಟಿದ್ದ.

ಸಲಹೆಗಾರನ ಹೆಸರು ಡೆರಿಕ್ ಹೂಕ್‌ಸ್ಟ್ರಾ. ಪೇಟೆಯ ಮಧ್ಯೆ ಹಳೇ ಕಲ್ಲಿನ ಕಟ್ಟಡ, ಎರಡನೇ ಮಹಡಿ. ನನ್ನನ್ನು ಹೊರಗೆ ಕೂರಿಸಿ, ಒಳಗೆ ಯಾರ ಜೊತೆಗೋ ಮೀನು ಹಿಡಿಯುವ ವಿಷಯ ಮಾತಾಡಿಕೊಂಡಿದ್ದ. ಗೋಡೆಯ ಟಿವಿಯಲ್ಲಿ ಷೇರುಗಳ ಹೆಸರು ಹಸಿರು ಕೆಂಪಾಗಿ ಹರಿಯುತ್ತಿತ್ತು. ಮುಂದಿನ ಮೇಜಿನ ಹುಡುಗಿ ಮೂರು ಸಲ ನೀರು ಬೇಕಾ ಅಂತ ಕೇಳಿದಳು. ಬೇಡ, ನಿಮ್ಮ ಧಣಿ ಬೇಕು ಅಂತ ಮೂರು ಸಲವೂ ಹೇಳಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವ ಟೆಸ್ಸಿಯ ನೆನಪಾಗಿ, ಎದ್ದು ಅವನ ಬಾಗಿಲ ಮುಂದೆಯೇ ಹೋಗಿ ನಿಂತೆ.

ಕೊನೆಗೂ ಒಳಗೆ ಕರೆದ. ನಲವತ್ತರ ಆಸುಪಾಸು, ಅಚ್ಚುಕಟ್ಟಾದ ಸೂಟು, ಹಲ್ಲು ಮಾತ್ರ ಕಾಣುವ ನಗು. ಪೊಲೀಸರಿಗೆ ಎಲ್ಲ ಹೇಳಿಯಾಗಿದೆ, ಆದರೂ ಆ ಬಡಪಾಯಿ ಹಿರಿಯರಿಗೋಸ್ಕರ ಹತ್ತು ನಿಮಿಷ ಕೊಡುತ್ತೇನೆ ಅಂದ. ತುಂಬ ಉಪಕಾರವಾಯಿತು ಅಂದೆ. ಅವತ್ತು ಆಗ್ನೆಸ್ ಬಂದಾಗ ಏನೇನು ನಡೀತು, ಹಾಗೇ ಒಂದು ಸಲ ಮಾಡಿ ತೋರಿಸಿ ಅಂದೆ.

ಖುಷಿಯಿಂದ ಮಾಡಿದ. ಆಕೆ ಈ ಕುರ್ಚಿಯಲ್ಲೇ ಕೂತಿದ್ದರು. ಹಳೇ ಬ್ಯಾಂಕ್ ಫಂಡು ಮಾರಿ ಇಲ್ಲಿಗೆ ತರೋಣ ಅಂದರು. ನಮ್ಮಲ್ಲಿ ಫೈನಾನ್ಶಿಯಲ್ಸ್ ಇಟಿಎಫ್ ಚೆನ್ನಾಗಿದೆ ಅಂತ ತೋರಿಸಿದೆ. ಹೆಸರುಗಳನ್ನು ಓದಿದೆ. ತಲೆಯಾಡಿಸಿದರು.

“ಆ ಹೆಸರು ಈಗಲೂ ಓದಿ. ಅವತ್ತಿನ ಹಾಗೇ.”

ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕಂಪ್ಯೂಟರ್ ತೆರೆದು ಓದತೊಡಗಿದ. ಒಂದು ಬ್ಯಾಂಕು, ಇನ್ನೊಂದು ಬ್ಯಾಂಕು, ಮತ್ತೊಂದು. ನಾನು ಬೂಟಿನ ತುದಿ ನೋಡುತ್ತ ಕೂತೆ.

“ಬ್ಲೂ ಹೆರನ್ ಲೈಫ್,” ಅಂತ ಓದಿ ಮುಂದಿನ ಹೆಸರಿಗೆ ಹೋದ.

“ಅಲ್ಲೇ ನಿಲ್ಲಿ. ಈ ಹೆಸರು ಓದಿದಾಗ ಆಗ್ನೆಸ್ ಏನು ಮಾಡಿದ್ರು?”

“ಏನೂ ಇಲ್ಲ. ತಲೆಯಾಡಿಸಿದ್ರು.”

“ಎದ್ದು ಹೋಗಲಿಲ್ವಾ?”

“ಯಾಕೆ ಹೋಗ್ತಾರೆ ಮೇಡಂ?”

“ಬೈಲಿಲ್ಲ? ನಿಮ್ಮ ಮೇಜಿನ ಮೇಲಿರೋ ಈ ಗಾಜಿನ ಗುಂಡು ಎತ್ತಿ ನಿಮ್ಮ ಮೇಲೆ ಬೀಸಲಿಲ್ಲ?”

ಅವನ ನಗು ಅರ್ಧಕ್ಕೆ ನಿಂತಿತು. ಆಗ ಹೇಳಿದೆ. ಡಂಕನ್ ವಿಷಯ, ಕೊಡದ ದುಡ್ಡು, ಅರ್ಧಕ್ಕೆ ಬಿಟ್ಟ ಪಂದ್ಯ. ದನಿ ಎತ್ತದೆ ಹೇಳಿದೆ, ಅದು ನನಗೆ ಸುಲಭವಲ್ಲ. ಗಂಡನನ್ನು ನುಂಗಿ ನೀರು ಕುಡಿದರು ಅಂತ ಒಬ್ಬ ಹೆಂಗಸು ಇಪ್ಪತ್ತು ವರ್ಷ ಹಲ್ಲು ಕಡಿದ ಕಂಪನಿ, ಅದರ ಹೆಸರನ್ನು ನೀವು ಮುಖಕ್ಕೆ ಓದಿದಿರಿ, ಆಕೆ ತಲೆಯಾಡಿಸಿದರು ಅನ್ನುತ್ತೀರಿ. ಇದನ್ನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳುತ್ತೀರಾ ಅಂತ ಕೇಳಿದೆ.

ಹೂಕ್‌ಸ್ಟ್ರಾ ಟೈ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು.

“ಎಲ್ಲ ಹೆಸರೂ ಓದಿದೆನೋ ಇಲ್ವೋ, ಈಗ ಸರಿಯಾಗಿ ನೆನಪಿಲ್ಲ.”

“ಓದಿಲ್ಲ.”

“ಕಾಗದ ಕೈಗೆ ಕೊಟ್ಟೆ. ಅವರು ನನ್ನ ಬ್ಯಾಂಕುಗಳಲ್ಲೇ ಇರಲಿ ಅಂದ್ರು. ಫೈನಾನ್ಶಿಯಲ್ಸ್ ಅಂದ್ರೂ ಅದೇ ಅಂದೆ. ಹಾಗಾದ್ರೆ ಹಾಕಿ ಅಂದ್ರು. ಎರಡೂ ಒಂದೇ ಅಲ್ವಾ ಮೇಡಂ, ಸಾಮಾನ್ಯ ಜನಕ್ಕೆ?”

ಎರಡೂ ಒಂದೇ. ಈ ಒಂದು ಮಾತಿಗೆ ಟೆಸ್ಸಿ ಜೈಲಿನ ಬಾಗಿಲವರೆಗೆ ಬಂದಿದ್ದಾಳೆ. ಆ ಕ್ಷಣ ಅವನ ಕುತ್ತಿಗೆ ಹಿಸುಕಬೇಕು ಅನ್ನಿಸಿದ್ದು ನಿಜ.

ಆಗ್ನೆಸ್‌ಗೆ ಎರಡೂ ಒಂದಲ್ಲ ಅಂದೆ. ಒಂದೇ ಅಂತ ನಂಬಿ ಹಾಕಿ ಅನ್ನುವವರು ಯಾರೇ ಇರಲಿ, ಅವರು ಆಗ್ನೆಸ್ ಅಲ್ಲ. ಪೊಲೀಸರು ನಿಮಗೆ ಯಾರ ಫೋಟೋ ತೋರಿಸಿದರು ಅಂತ ಕೇಳಿದೆ. ಆ ಫಿಲಿಪ್ಪೀನ್ಸ್ ಹೆಂಗಸಿನದು ಅಂದ. ಆಗ್ನೆಸ್ ಫೋಟೋ ತೋರಿಸಿದರಾ ಅಂದೆ. ಇಲ್ಲ, ಯಾಕೆ ತೋರಿಸಬೇಕು, ಅವರನ್ನು ನಾನೇ ನೋಡಿದ್ದೀನಲ್ಲ ಅಂದ.

ನೋಡಿ, ಎಂಥ ಕರ್ಮ. ಪೊಲೀಸರಿಗೂ ಹೊಳೆದಿಲ್ಲ. ನನಗೂ ಹೊಳೆದಿರಲಿಲ್ಲ. ಖಾತೆ ಆಗ್ನೆಸ್‌ದು ಅಂದಮೇಲೆ ಬಂದವರೂ ಆಗ್ನೆಸ್ಸೇ ಅಂತ ನಾವೆಲ್ಲ ಕಣ್ಣು ಮುಚ್ಚಿ ಒಪ್ಪಿಕೊಂಡಿದ್ದೆವು.

“ಲೈಸೆನ್ಸ್ ನೋಡಿದ್ರಲ್ಲ. ಫೋಟೋಗೂ ಮುಖಕ್ಕೂ ತಾಳೆ ಹಾಕಿದ್ರಾ?”

“ಬಿಳಿ ಕೂದಲು, ಕನ್ನಡಕ. ಅದೇ ಥರ ಇದ್ರು.”

“ಅರವತ್ತು ದಾಟಿದ ಹೆಂಗಸರೆಲ್ಲ ನಿಮ್ಮ ಕಣ್ಣಿಗೆ ಒಬ್ಬರೇ. ಬ್ಯಾಂಕು, ಫೈನಾನ್ಶಿಯಲ್ಸ್ ಇದ್ದ ಹಾಗೆ.”

ಆ ಏಟು ತಾಕಿತು. ಮುಖ ಕೆಂಪಾಯಿತು, ಆಮೇಲೆ ಬಣ್ಣವೇ ಹೋಯಿತು. ಹೇಳಿಕೆ ತಿದ್ದಿದರೆ ನನ್ನ ಕಸುಬಿನ ಲೈಸೆನ್ಸೇ ರದ್ದಾಗುತ್ತೆ, ಹೆಂಡತಿ ಎರಡನೇ ಮಗುವಿನ ಬಸುರಿ ಅಂತ ಶುರು ಮಾಡಿದ. ತಿದ್ದದಿದ್ದರೆ ಒಬ್ಬ ತಾಯಿ ಜೈಲಿಗೆ ಹೋಗುತ್ತಾಳೆ, ಅವಳಿಗೂ ಒಂದು ಮಗು ಇದೆ, ಅದು ತಾಯಿಯ ಮುಖ ನೋಡಿರೋದು ಫೋನಿನಲ್ಲಿ ಮಾತ್ರ ಅಂದೆ.

ಅವನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಅವನು ಕಳ್ಳನಲ್ಲ ಅಂತ ಆಗ ನನಗೆ ಅನ್ನಿಸಿತು. ಸೋಮಾರಿ. ಕಳ್ಳರನ್ನು ಹಿಡಿದು ಅಭ್ಯಾಸವಿದೆ, ಸೋಮಾರಿಗಳ ಕೈಯಲ್ಲೇ ನಾನು ಸೋತಿದ್ದು ಜಾಸ್ತಿ.

ಜಂಟಿ ಖಾತೆಗೆ ಟೆಸ್ಸಿ ಇಲ್ಲಿ ಬಂದು ಸಹಿ ಹಾಕಿದಳಾ ಅಂತ ಕೇಳಿದೆ. ಬರಲಿಲ್ಲ. ನೋಡಿಕೊಳ್ಳುವ ಹುಡುಗಿಗೆ ಕೆಲಸ ಬಿಟ್ಟು ಬರಲಾಗಲ್ಲ, ನಾನೇ ಮನೆಗೆ ಒಯ್ದು ಸಹಿ ಹಾಕಿಸಿ ತರುತ್ತೇನೆ ಅಂತ ಆ ಹೆಂಗಸು ಕಾಗದ ತೆಗೆದುಕೊಂಡು ಹೋದರಂತೆ. ಇವನು ಕೊಟ್ಟು ಕಳಿಸಿದನಂತೆ. ಹಾಗೆ ಕೊಡಬಾರದು ಅಂತ ಅವನಿಗೆ ಗೊತ್ತು. ಆದರೂ ಕೊಟ್ಟ.

ಟೆಸ್ಸಿ ಮಾತು ಕೊಟ್ಟಿದ್ದು ಯಾರಿಗೆ ಅನ್ನೋ ಪ್ರಶ್ನೆಗೆ ಈಗ ಒಂದು ದಾರಿ ಕಂಡಿತು. ಮನೆಯೊಳಗೆ ಸಲೀಸಾಗಿ ಬಂದುಹೋಗುವ, ಬಿಳಿ ಕೂದಲ ಒಬ್ಬ ಹೆಂಗಸು. ಆಗ್ನೆಸ್ ಪರ್ಸಿನಿಂದ ಲೈಸೆನ್ಸ್ ತೆಗೆದರೂ ಯಾರೂ ಕೇಳದಂಥವರು.

ಆಗ್ನೆಸ್ ಮುಖ ಒಂದು ಸಲ ಇವನಿಗೆ ತೋರಿಸಿ, ಇವರಲ್ಲ ಅನ್ನಿಸಿದರೆ ಇವತ್ತಿಗೆ ಸಾಕು ಅಂದುಕೊಂಡೆ. ಫೋನಿನಲ್ಲಿ ಅವರ ಫೋಟೋ ಹುಡುಕಿದರೆ ಇದ್ದಿದ್ದು ಒಂದೇ, ಲಾರ್ನ್ ಕಳಿಸಿದ್ದು. ಕರ್ಲಿಂಗ್ ತಂಡದ ನಾಲ್ವರು ಪೊರಕೆ ಹಿಡಿದು ನಿಂತಿದ್ದಾರೆ, ನಡುವೆ ಆಗ್ನೆಸ್, ಗಿಡ್ಡಗೆ ದುಂಡಗೆ, ಬಾಯಿ ತುಂಬ ನಗು. ಫೋನನ್ನು ಅವನ ಮುಂದೆ ಇಟ್ಟೆ. ನಿಮ್ಮ ಆಗ್ನೆಸ್ ಇದರಲ್ಲಿ ಇದ್ದಾರಾ ಅಂದೆ. ಇಲ್ಲ ಅನ್ನುತ್ತಾನೆ ಅಂತ ಕಾದೆ.

ಕನ್ನಡಕ ಮೇಲೆತ್ತಿ ನೋಡಿದ. ತಡಮಾಡಲಿಲ್ಲ. ನಡುವಿನವರ ಮೇಲೆ ಅವನ ಬೆರಳು ನಿಲ್ಲಲೇ ಇಲ್ಲ, ದಾಟಿ ಬಲಗಡೆಯ ತುದಿಗೆ ಹೋಯಿತು.

“ಇವರೇ. ಇವರೇ ಆಗ್ನೆಸ್ ಡ್ರಮಂಡ್.”

ಎತ್ತರದ, ತೆಳ್ಳಗಿನ ಹೆಂಗಸು. ಕುತ್ತಿಗೆಗೆ ನೀಲಿ ಶಾಲು. ನನ್ನ ಆಫೀಸಿನಲ್ಲಿ ಕೂತು ಅತ್ತಾಗ ಕಣ್ಣೊರೆಸಿಕೊಂಡಿದ್ದೂ ಅದೇ ಶಾಲಿನಲ್ಲಿ. ಐಸೊಬೆಲ್ ಮೆಕ್‌ನ್ಯಾಬ್.

ಇನ್ನೊಮ್ಮೆ ನೋಡಿ ಅಂದೆ. ನೋಡಿದ. ಅವರೇ ಅಂದ, ದನಿಯಲ್ಲಿ ಅನುಮಾನ ಇರಲಿಲ್ಲ.

ಕದ್ದು ತಾನೇ ಇಟ್ಟುಕೊಂಡಿದ್ದರೆ ಅರ್ಥವಾಗುತ್ತಿತ್ತು. ಐಸೊಬೆಲ್‌ಗೆ ಇದರಲ್ಲಿ ಒಂದು ಬಿಡಿಗಾಸೂ ಬರಲ್ಲ, ಎಲ್ಲ ಟೆಸ್ಸಿಯ ಹೆಸರಿಗೆ ಬರೆಸಿದ್ದಾರೆ. ಬರೆಸಿ, ಟೆಸ್ಸಿ ಸಿಕ್ಕಿಬಿದ್ದ ಮೇಲೆ ಅವಳನ್ನು ಉಳಿಸು ಅಂತ ನನ್ನ ಕೈಹಿಡಿದಿದ್ದಾರೆ. ಇದು ಕರುಣೆಯೋ, ಕಂಕುಳಲ್ಲಿ ದೊಣ್ಣೆ ಇಟ್ಟುಕೊಂಡು ಮಾಡಿದ ಶರಣಾರ್ಥಿಯೋ? ಯಾವುದೂ ತಾಳೆಯಾಗಲಿಲ್ಲ. ಐಸೊಬೆಲ್ ಮನೆ ಇರೋದು ಬೆಟ್ಟದ ಮೇಲೆ, ಆ ಮೆಟ್ಟಿಲು ಮುಗಿಯುವ ಬೀದಿಯಲ್ಲಿ. ತನ್ನ ದುಡ್ಡು ಬ್ಲೂ ಹೆರನ್ನಿಗೆ ಹೋಗಿದೆ ಅಂತ ಹೇಗೋ ತಿಳಿದಿದ್ದರೆ ಆಗ್ನೆಸ್ ಮೊದಲು ಓಡುತ್ತಿದ್ದದ್ದು ಎಲ್ಲಿಗೆ? ಇದನ್ನು ಯೋಚಿಸಲೂ ನನಗೆ ಇಷ್ಟವಾಗಲಿಲ್ಲ. ಆ ಹೆಂಗಸನ್ನು ನಾನು ಮೆಚ್ಚಿದ್ದೆ.

ಇರಲಿ, ಒಂದಂತೂ ಗಟ್ಟಿಯಾಯಿತು. ಖಾತೆ ತೆರೆಸಿದ್ದು ಟೆಸ್ಸಿ ಅಲ್ಲ. ಹೂಕ್‌ಸ್ಟ್ರಾ ಇಷ್ಟನ್ನು ಬರೆದುಕೊಟ್ಟರೆ ಪೊಲೀಸರ ಕಥೆಗೆ ಕಾಲೇ ಇರಲ್ಲ, ಸೋಮವಾರ ಟೆಸ್ಸಿಯ ಮೇಲೆ ಕೇಸು ಬೀಳಲ್ಲ. ಪೆನ್ನು ತೆಗೆದು ಅವನ ಮುಂದಿಟ್ಟೆ. ಟೈ ಸಡಿಲ ಮಾಡಿಕೊಂಡ. ಆಮೇಲೆ ಕೈ ಚಾಚಿ ತಗೊಂಡ. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಉಸಿರು ಸಲೀಸಾಗಿ ಬಂತು.

ಅಷ್ಟರಲ್ಲಿ ಫೋನ್ ಬಂತು. ಪಚೆಕೊ. ನಾನೇ ಅವನಿಗೆ ಮಾಡಬೇಕು ಅಂತಿದ್ದೆ, ಒಳ್ಳೆಯದೇ ಆಯಿತು ಅಂತ ಎತ್ತಿದೆ. ನನಗೆ ಮಾತಾಡಲು ಬಿಡಲಿಲ್ಲ.

“ಸಾಬೊ, ನೀನು ಸೋಮವಾರದವರೆಗೂ ಓಡಾಡೋದು ಬೇಡ. ಆಗ್ನೆಸ್ ಕಣ್ಣು ಬಿಟ್ಟಿದ್ದಾರೆ.”

ನನ್ನ ಬಾಯಿಂದ ದೇವರೇ ಅನ್ನೋದು ಬಂತು. ಪೆನ್ನು ಹಿಡಿದ ಹೂಕ್‌ಸ್ಟ್ರಾ ತಲೆಯೆತ್ತಿದ.

“ಒಂದೇ ಒಂದು ಮಾತಾಡಿದ್ದಾರೆ. ಯಾರು ತಳ್ಳಿದ್ದು ಅಂತ ಕೇಳಿದ್ದಕ್ಕೆ ಟೆಸ್ಸಿ ಅಂದ್ರು. ಆಸ್ಪತ್ರೆಯ ಕೆಳಗೆ ಬೆಂಚಿನ ಮೇಲೇ ಕೂತಿದ್ಲು. ನಮ್ಮವರು ಈಗ ಕರಕೊಂಡು ಹೊರಟಿದ್ದಾರೆ.”

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ.

“ಕೇಳಿದ್ದು ಯಾರು? ನೀನಾ?”

“ನಾವು ಬರೋಷ್ಟರಲ್ಲಿ ಮತ್ತೆ ಮಂಪರು. ಡಾಕ್ಟರು ಕೂಡ ಹೊರಗಿದ್ರಂತೆ.”

“ಮತ್ತೆ ಯಾರು ಕೇಳಿದ್ದು, ಯಾರು ಕೇಳಿಸಿಕೊಂಡಿದ್ದು?”

“ನೀನೇ ಕೂರಿಸಿದ್ಯಲ್ಲ, ನಿನ್ನ ಐಸೊಬೆಲ್. ಪಾಪ, ಅಳ್ತಾ ಹೇಳಿಕೆ ಕೊಟ್ರು. ಟೆಸ್ಸಿ ಮೇಲೆ ಅವರಿಗೆ ಎಷ್ಟು ಪ್ರೀತಿ ಅಂತ ಊರಿಗೇ ಗೊತ್ತು, ಇಂಥ ಸಾಕ್ಷಿ ನಂಗೆ ಇನ್ನೆಲ್ಲಿ ಸಿಗುತ್ತೆ?”

“ಪಚೆಕೊ, ಆ ಕೋಣೆಯಲ್ಲಿ ಈಗ ಯಾರಿದ್ದಾರೆ?”

“ಇನ್ಯಾರು? ಕಾವಲಿಗಿದ್ದ ನಮ್ಮ ಹುಡುಗನ್ನೂ ವಾಪಸ್ ಕರೆಸಿಕೊಂಡೆ. ಐಸೊಬೆಲ್ ಒಬ್ರೇ ಇದ್ದಾರೆ. ಆಗ್ನೆಸ್ ನಿದ್ದೇಲೂ ಅವರ ಕೈ ಬಿಡ್ತಾ ಇಲ್ಲ.”